ಅಪ್ಪನ ಡೈರಿಯಲ್ಲಿ ಇಲ್ಲದ ಪಾಸ್‌ವರ್ಡ್

ನಮ್ಮಪ್ಪ ಪ್ರತಿ ಯುಗಾದಿಗೆ ರೂಟರ್‌ನ ಪಾಸ್‌ವರ್ಡ್ ಬದಲಿಸುತ್ತಾರೆ. ಹೊಸ ಪಂಚಾಂಗವನ್ನು ಮೊಳೆಗೆ ತಗುಲಿಹಾಕಿದ ಮೇಲೆ ಅವರ ಮುಂದಿನ ಕೆಲಸ ಅದೇ. ಹೊಸದನ್ನು ಡೈರಿಯ ಕೊನೇ ಪುಟದಲ್ಲಿ ಹಸಿರು ಇಂಕಿನಲ್ಲಿ ಬರೆಯುತ್ತಾರೆ. ಹಳೆಯದಕ್ಕೆ ಸ್ಕೇಲ್ ಇಟ್ಟು ಒಂದು ಗೀಟು. ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು, ಗೀಟು ಕೂಡ ಸೊಟ್ಟ ಆಗಬಾರದು. ಈ ಅಭ್ಯಾಸ ಶುರುವಾದದ್ದು 2017ರ ನಂತರ. ಆ ವರ್ಷದ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವಲಯದಲ್ಲಿ ಸಾವಿರಾರು ಮೋಡೆಮ್‌ಗಳು ಮಾಲ್‌ವೇರ್ ದಾಳಿಗೆ ಸಿಕ್ಕಿ ಕೆಲಸ ನಿಲ್ಲಿಸಿದ್ದವು. ಕಂಪನಿಯಿಂದ ಬಂದಾಗ ಇದ್ದ 'ಅಡ್ಮಿನ್' ಅನ್ನೋ ಪಾಸ್‌ವರ್ಡನ್ನು ಬದಲಿಸದೇ ಬಿಟ್ಟವರ ಮೋಡೆಮ್‌ಗಳೇ ಸಿಕ್ಕಿಬಿದ್ದದ್ದು ಅಂತ ಪೇಪರಿನಲ್ಲಿ ಬಂದಿತ್ತು. ಅಪ್ಪ ಆ ತುಣುಕನ್ನು ಕತ್ತರಿಸಿ ಡೈರಿಗೆ ಅಂಟಿಸಿಟ್ಟಿದ್ದಾರೆ.

ಇಂಥವರಿಗೆ ಕಳೆದ ನವರಾತ್ರಿಯ ಹೊತ್ತಿಗೆ ನಮ್ಮೂರಿಗೆ ಇಂಟರ್ನೆಟ್ ಕೊಡುವ ಕೇಬಲಣ್ಣ ಫೋನ್ ಮಾಡಿ, "ಮೇಷ್ಟ್ರೇ, ನಿಮ್ಮ ಮನೆಯಿಂದ ರಾತ್ರಿಯೆಲ್ಲ ಅಪ್‌ಲೋಡ್ ಹೋಗ್ತಾ ಉಂಟು, ಯಾರು ಸಿನಿಮಾ ಕಳಿಸ್ತಿದಾರೆ?" ಅಂದರೆ ಹೇಗಾಗಬೇಡ. ಮನೆಯಲ್ಲಿ ಇರುವುದು ಅಪ್ಪ, ಅಮ್ಮ, ಒಂದು ಟಿವಿ, ಎರಡು ಫೋನು. ಒಂಬತ್ತೂವರೆಗೆ ದೀಪ ಆರಿಸಿ ಮಲಗುವ ಮನೆ ಅದು.

ನಾನು ರಜೆಗೆ ಊರಿಗೆ ಹೋಗಿದ್ದೆ. ನಮ್ಮೂರು ಇರುವುದು ತೀರ್ಥಹಳ್ಳಿ ಕಡೆ. ಗೋಡೆಯ ಮೇಲೆ ಎರಡು ಡಬ್ಬಿ ಇವೆ. ಒಂದು ಫೈಬರ್ ಬಂದು ಸೇರುವ ಬಿಳಿ ಡಬ್ಬಿ, ಇನ್ನೊಂದು ಎರಡು ಆಂಟೆನಾ ಇರುವ ವೈಫೈ ರೂಟರ್. ರೂಟರನ್ನು ಅಪ್ಪ ಕೇಬಲಣ್ಣನ ಹತ್ತಿರವೇ ದುಡ್ಡು ಕೊಟ್ಟು ಕೊಂಡಿದ್ದರು. ಯಾವ ಕಂಪನಿಯದು ಅಂತ ಹೇಳುವುದಿಲ್ಲ, ಆಮೇಲೆ ಗೊತ್ತಾಗುತ್ತದೆ ಯಾಕೆ ಅಂತ.

"ಪಾಸ್‌ವರ್ಡ್ ಯಾರಿಗಾದ್ರೂ ಕೊಟ್ಟಿದ್ರಾ ಅಪ್ಪಾ?"

"ನಿಂಗೇ ಕೊಟ್ಟಿಲ್ಲ ನಾನು, ಇನ್ನು ಯಾರಿಗೆ ಕೊಡ್ಲಿ ಮಾರಾಯ್ತಿ?"

ಅದೂ ನಿಜ. ವೈಫೈ ಪಾಸ್‌ವರ್ಡ್ ಮಾತ್ರ ನನಗೆ ಕೊಟ್ಟಿದ್ದರು. ಸೆಟ್ಟಿಂಗ್ಸ್ ಪುಟಕ್ಕೆ ಹೋಗುವ ಪಾಸ್‌ವರ್ಡ್ ಡೈರಿಯಲ್ಲೇ ಇತ್ತು.

ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಬೆಂಗಳೂರಿನಲ್ಲಿ ಮಾಡುವುದು ಸಾಫ್ಟ್‌ವೇರ್ ಟೆಸ್ಟಿಂಗ್. ಸೆಕ್ಯುರಿಟಿ ನನ್ನ ಹೊಟ್ಟೆಪಾಡಿನ ಕೆಲಸ ಅಲ್ಲ. ಆದರೂ ಸುಮ್ನೆ ಕೂರಲಾಗಲಿಲ್ಲ. ಲ್ಯಾಪ್‌ಟಾಪ್ ತೆಗೆದು ಎನ್‌ಮ್ಯಾಪ್ ಅನ್ನೋ ಸಾಫ್ಟ್‌ವೇರ್ ಹಾಕಿ ರೂಟರಿನ ಯಾವ ಯಾವ ಪೋರ್ಟ್, ಅಂದರೆ ಒಳಗೆ ಹೋಗುವ ಬಾಗಿಲು, ತೆರೆದಿವೆ ಅಂತ ನೋಡಿದೆ. ಸೆಟ್ಟಿಂಗ್ಸ್ ಪುಟದ ಪೋರ್ಟ್ 80 ತೆರೆದಿತ್ತು, ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ 53 ತೆರೆದಿತ್ತು. ಅಷ್ಟೇ. ಎಲ್ಲ ಸರಿಯಾಗಿದೆ ಅನ್ನಿಸಿತು. ಅಪ್ಪ ಹಿಂದೆ ನಿಂತು, "ಹೇಳ್ದೆ ಅಲ್ವಾ" ಅಂದರು.

ಸಂಜೆ ಗುಡುಗು ಶುರುವಾಯಿತು. ನಮ್ಮ ಕಡೆ ಗುಡುಗು ಬಂದರೆ ಮೊದಲು ರೂಟರಿನ ಪ್ಲಗ್ ಕೀಳಬೇಕು. ಸಿಡಿಲಿಗೆ ಮೋಡೆಮ್, ರೂಟರ್, ಫೋನ್ ಸುಟ್ಟುಕೊಳ್ಳದ ಮನೆ ಊರಲ್ಲಿ ಒಂದೂ ಇಲ್ಲ. ಅಪ್ಪ ಪ್ಲಗ್ ಕಿತ್ತರು, ಮಳೆ ನಿಂತ ಮೇಲೆ ಮತ್ತೆ ಹಾಕಿದರು. ನಾನು ಲ್ಯಾಪ್‌ಟಾಪ್ ಮುಚ್ಚಿರಲಿಲ್ಲ. ಅದೇ ಕಮಾಂಡ್ ಇನ್ನೊಂದು ಸಲ ಒತ್ತಿದೆ, ಯಾವ ಉದ್ದೇಶವೂ ಇಲ್ಲದೆ. ಈ ಸಲ ಪಟ್ಟಿಯಲ್ಲಿ ಇನ್ನೊಂದು ಸಾಲು ಇತ್ತು: ಪೋರ್ಟ್ 23, ಟೆಲ್ನೆಟ್, ತೆರೆದಿದೆ. ಟೆಲ್ನೆಟ್ ಅಂದರೆ ದೂರದಿಂದ ಡಬ್ಬಿಯೊಳಗೆ ಲಾಗಿನ್ ಆಗುವ ಹಳೇ ದಾರಿ. ಊಟ ಮಾಡಿ ಬಂದು ನೋಡಿದರೆ ಆ ಸಾಲು ಇಲ್ಲ!

ಇಲ್ಲಿ ನನಗೆ ನೆನಪಾದದ್ದು ಮಿರಾಯ್. 2016ರ ಆ ಮಾಲ್‌ವೇರ್ ಮನೆಗಳ ಕ್ಯಾಮೆರಾ, ಡಿವಿಆರ್, ರೂಟರುಗಳನ್ನೇ ಹಿಡಿದು ಸೈನ್ಯ ಕಟ್ಟಿತ್ತು. ಅದರ ಕೈಯಲ್ಲಿದ್ದ ದೊಡ್ಡ ಆಯುಧ ಅಂದರೆ 60 ಚಿಲ್ಲರೆ ಯೂಸರ್‌ನೇಮ್-ಪಾಸ್‌ವರ್ಡ್‌ಗಳ ಒಂದು ಪಟ್ಟಿ. ಟೆಲ್ನೆಟ್ ಬಾಗಿಲು ತಟ್ಟುವುದು, ಪಟ್ಟಿಯಲ್ಲಿರುವುದನ್ನು ಒಂದೊಂದಾಗಿ ಪ್ರಯತ್ನಿಸುವುದು, ತೆರೆದರೆ ಒಳಗೆ ಹೋಗುವುದು. ಅದೇ ವರ್ಷ ಅಕ್ಟೋಬರ್ 21ರಂದು ಆ ಸೈನ್ಯ ಡೈನ್ ಅನ್ನೋ ಡಿಎನ್‌ಎಸ್ ಕಂಪನಿಯ ಮೇಲೆ ಬಿದ್ದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ಗಂಟೆಗಟ್ಟಲೆ ಸಿಗದಂತಾಯಿತು. ಮಿರಾಯ್ ಬರೆದ ಮೂವರು ಹುಡುಗರು ಮರುವರ್ಷ ತಪ್ಪೊಪ್ಪಿಕೊಂಡರು. ಆದರೆ ಅಷ್ಟರೊಳಗೆ ಅದರ ಸೋರ್ಸ್ ಕೋಡ್ ಎಲ್ಲರ ಕೈಗೂ ಸಿಕ್ಕಿಯಾಗಿತ್ತು, ಅದರ ಮರಿಗಳು ಇವತ್ತಿಗೂ ಓಡಾಡುತ್ತಿವೆ.

ಅದಕ್ಕೆ ಎರಡು ಗುಣ ಇವೆ. ಒಂದು, ಅದು ಇರುವುದು ಬರೀ ಮೆಮೊರಿಯಲ್ಲಿ. ಪ್ಲಗ್ ಕಿತ್ತರೆ ಸತ್ತುಹೋಗುತ್ತದೆ. ಬಾಗಿಲು ಹಾಗೇ ಇದ್ದರೆ ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತದೆ. ಇನ್ನೊಂದು, ಒಳಗೆ ಬಂದ ಮೇಲೆ ಟೆಲ್ನೆಟ್ ಬಾಗಿಲನ್ನು ಅದೇ ಮುಚ್ಚುತ್ತದೆ. ಬೇರೆ ಕಳ್ಳ ಬರಬಾರದಲ್ಲ!

ಅಂದರೆ ಮಧ್ಯಾಹ್ನ ನನಗೆ "ಎಲ್ಲ ಸರಿ" ಅಂತ ಕಂಡದ್ದು ಕಳ್ಳ ಒಳಗಿದ್ದಾಗ. ಟೆಲ್ನೆಟ್ ತೆರೆದಿದ್ದು ಕಂಡದ್ದು ಕಳ್ಳ ಇಲ್ಲದಾಗ. ಇಷ್ಟು ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯಿತು. ಅಪ್ಪ ಪಾಸ್‌ವರ್ಡ್ ಬದಲಿಸಿದ್ದಾರೆ. ಯಾವ ಪಟ್ಟಿಯಲ್ಲೂ ಇರದಂಥ ಪಾಸ್‌ವರ್ಡ್ ಅದು, ಅರ್ಧ ಸಂಸ್ಕೃತ ಅರ್ಧ ಪೈಥಾಗೊರಸ್. ಮತ್ತೆ ಹೇಗೆ ಒಳಗೆ ಬಂತು?

ಟೆಲ್ನೆಟ್‌ನಲ್ಲಿ ಡೈರಿಯ ಪಾಸ್‌ವರ್ಡ್ ಹಾಕಿ ನೋಡಿದೆ. "ಲಾಗಿನ್ ಇನ್‌ಕರೆಕ್ಟ್" ಅಂತು. ಆಗ ಹೊಟ್ಟೆಯಲ್ಲಿ ಸ್ವಲ್ಪ ಕಸಿವಿಸಿ ಆಯಿತು. ಅಪ್ಪ ಬದಲಿಸುತ್ತಿದ್ದ ಪಾಸ್‌ವರ್ಡ್ ಒಂದು ಬಾಗಿಲಿನದು. ಈ ಬಾಗಿಲಿನದು ಬೇರೆಯೇ.

ಅಪ್ಪನ ರೂಟರ್ ಬಿಚ್ಚುವ ಧೈರ್ಯ ನನಗಿರಲಿಲ್ಲ. ಬೆಂಗಳೂರಿಗೆ ವಾಪಸ್ ಬಂದ ಶನಿವಾರ ಅದೇ ಮಾಡೆಲ್ಲಿನ ಹಳೇದೊಂದನ್ನು ಹುಡುಕಿಕೊಂಡು ಎಸ್‌ಪಿ ರೋಡಿಗೆ ಹೋದೆ. ಅಲ್ಲಿ ಮೇನ್ ರೋಡಿನ ಹೊಳೆಯುವ ಅಂಗಡಿಗಳಲ್ಲಿ ಇದು ಸಿಗುವುದಿಲ್ಲ. ಅಡ್ಡ ಗಲ್ಲಿಯೊಳಗೆ, ಮೆಟ್ಟಿಲ ಕೆಳಗೆ, ಗೋಣಿಚೀಲದಲ್ಲಿ ಹಳೇ ರೂಟರ್ ತುಂಬಿಟ್ಟವರ ಹತ್ತಿರ ಹೋಗಬೇಕು. ಮಾಡೆಲ್ ನಂಬರಿನ ಫೋಟೋ ತೋರಿಸಿದೆ. ಅಂಗಡಿಯವರು ಚೀಲ ಬಗ್ಗಿಸಿ ಸುರಿದು ಮೂರು ತೆಗೆದುಕೊಟ್ಟರು. ಹಾರ್ಡ್‌ವೇರ್ ವರ್ಷನ್ ಕೂಡ ಅದೇ ಇದ್ದದ್ದು ಒಂದೇ. 350 ರೂಪಾಯಿ, ಅಡಾಪ್ಟರ್ ಇಲ್ಲದೆ. ಅಡಾಪ್ಟರಿಗೆ ಇನ್ನೊಂದು 100.

ಇಲ್ಲೊಂದು ಮಾತು. ನಿಮ್ಮದಲ್ಲದ ರೂಟರಿನಲ್ಲಿ ಇಂಥ ಪ್ರಯೋಗ ಮಾಡಲು ಹೋಗಬೇಡಿ. ಒಡೆಯರ ಅನುಮತಿ ಇಲ್ಲದೆ ಒಳಗೆ ಹೋಗುವುದು ನಮ್ಮ ಐಟಿ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ತಪ್ಪು, ಮೋಸದ ಉದ್ದೇಶ ಇದ್ದರೆ 66ನೇ ಸೆಕ್ಷನ್ ಪ್ರಕಾರ ಅಪರಾಧ. "ಪಾಸ್‌ವರ್ಡ್ ಎಲ್ಲರಿಗೂ ಗೊತ್ತಿತ್ತು ಸ್ವಾಮಿ" ಅಂದರೆ ಯಾರೂ ಬಿಡುವುದಿಲ್ಲ.

ರೂಟರ್ ಬಿಚ್ಚುವುದು ಸುಲಭ, ಸ್ಕ್ರೂ ಹುಡುಕುವುದು ಕಷ್ಟ. ಎರಡು ರಬ್ಬರ್ ಕಾಲಿನ ಕೆಳಗಿದ್ದವು, ಇನ್ನೊಂದು ಸ್ಟಿಕರ್ ಕೆಳಗೆ. ಮುಚ್ಚಳ ತೆಗೆದರೆ ಹಸಿರು ಬೋರ್ಡು, ಅದರ ಅಂಚಿನಲ್ಲಿ ಸಾಲಾಗಿ ನಾಲ್ಕು ತೂತು. ರೂಟರ್ ಬಿಚ್ಚಿದವರಿಗೆಲ್ಲ ಈ ನಾಲ್ಕು ತೂತಿನ ಪರಿಚಯ ಇರುತ್ತದೆ. ಯುಎಆರ್‌ಟಿ ಅನ್ನುತ್ತಾರೆ. ಕಾರ್ಖಾನೆಯವರು ಬೋರ್ಡ್ ಪರೀಕ್ಷಿಸಲು ಇಟ್ಟುಕೊಂಡ ಕಿಂಡಿ. ಮಲ್ಟಿಮೀಟರ್‌ನಲ್ಲಿ ಗ್ರೌಂಡ್ ಯಾವುದು ಅಂತ ಬೀಪ್ ಹಿಡಿದು ನೋಡಿದೆ. ರೂಟರ್ ಆನ್ ಮಾಡಿದಾಗ 3.3 ವೋಲ್ಟಿನ ಹತ್ತಿರ ಕುಣಿದಾಡುವುದು ಟಿಎಕ್ಸ್, ಅಂದರೆ ರೂಟರ್ ಮಾತಾಡುವ ಕಾಲು; ಅಲ್ಲಾಡದೆ ನಿಲ್ಲುವುದು ಸಪ್ಲೈ. ಸಪ್ಲೈಗೆ ತಂತಿ ಹಾಕಬಾರದು. ಉಳಿದ ಮೂರನ್ನು ಯುಎಸ್‌ಬಿ ಅಡಾಪ್ಟರಿಗೆ ಜೋಡಿಸಿದೆ.

ಮೊದಲು 115200 ಅಂತ ವೇಗ ಕೊಟ್ಟೆ. ಪರದೆ ತುಂಬ ಕಸ ಬಂತು, ಪ್ರಶ್ನಾರ್ಥಕ ಚಿಹ್ನೆಗಳ ಜಾತ್ರೆ. 57600 ಕೊಟ್ಟ ಕೂಡಲೇ ಅಕ್ಷರಗಳು ನೆಟ್ಟಗಾದವು. ಲಿನಕ್ಸ್ 2.6.36. ಅದು 2010ರ ಕರ್ನಲ್, ಅಂದರೆ ಇಡೀ ಸಿಸ್ಟಮ್ಮಿನ ತಿರುಳು. ಡಬ್ಬಿಯ ಕೆಳಗಿನ ಸ್ಟಿಕರ್‌ನಲ್ಲಿ ತಯಾರಿಸಿದ ವರ್ಷ 2020 ಅಂತ ಇತ್ತು. ಹತ್ತು ವರ್ಷ ಹಳೇ ಅಕ್ಕಿಯನ್ನು ಹೊಸ ಚೀಲದಲ್ಲಿ ಕಟ್ಟಿ ಮಾರಿದ್ದರು. ಕೊನೆಗೆ ಲಾಗಿನ್ ಕೇಳಿತು. ನನ್ನ ಹತ್ತಿರ ಪಾಸ್‌ವರ್ಡ್ ಇಲ್ಲ, ಅಲ್ಲಿಗೆ ಈ ದಾರಿ ಬಂದ್.

ಇನ್ನು ಉಳಿದದ್ದು ಚಿಪ್ ಓದುವುದು. ರೂಟರಿನ ಎಲ್ಲ ಸಾಫ್ಟ್‌ವೇರೂ (ಫರ್ಮ್‌ವೇರ್ ಅನ್ನುತ್ತಾರೆ) ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಎಂಟು ಕಾಲಿನ ಒಂದು ಫ್ಲ್ಯಾಶ್ ಚಿಪ್‌ನಲ್ಲಿ ಇರುತ್ತದೆ. ನನ್ನದರ ಮೇಲೆ 25ಕ್ಯೂ64 ಅಂತ ಬರೆದಿತ್ತು. 64 ಮೆಗಾಬಿಟ್, ಅಂದರೆ 8 ಎಂಬಿ. ಅದರ ಎಂಟು ಕಾಲಿಗೆ ಬಟ್ಟೆ ಕ್ಲಿಪ್ಪಿನ ಥರದ್ದೊಂದನ್ನು ಕಚ್ಚಿಸಿ, ಸಿಎಚ್341ಎ ಅನ್ನೋ ಅಗ್ಗದ ಪ್ರೋಗ್ರಾಮರ್ ಮೂಲಕ ಓದಬಹುದು. ಫ್ಲ್ಯಾಶ್‌ರಾಮ್ ಅನ್ನೋ ಸಾಫ್ಟ್‌ವೇರ್ ಓದಿ ಫೈಲ್ ಮಾಡಿಕೊಡುತ್ತದೆ.

ಒಂದು ಸಲ ಓದಿದ್ದನ್ನು ನಂಬಬಾರದು. ಎರಡು ಸಲ ಓದಿ ಎರಡೂ ಫೈಲ್ ಒಂದೇನಾ ಅಂತ ತಾಳೆ ನೋಡಬೇಕು. ನನಗೆ ಐದು ಸಲ ಓದಿದರೂ ಐದು ಥರ ಬಂತು. ಕ್ಲಿಪ್ ಜರುಗಿತೇನೋ ಅಂತ ತೆಗೆದು ಹಾಕಿದೆ, ಹಾಕಿ ತೆಗೆದೆ. ರಾತ್ರಿ ಹನ್ನೊಂದಾಯಿತು. ಕಾರಣ ಆಮೇಲೆ ಹೊಳೆಯಿತು. ಚಿಪ್‌ಗೆ ಕೊಟ್ಟ ಕರೆಂಟು ಬೋರ್ಡಿಗೂ ಹರಿದು, ರೂಟರಿನ ಪ್ರೊಸೆಸರ್ ಅರೆಬರೆ ಎಚ್ಚರವಾಗಿ ಅದೂ ಅದೇ ಚಿಪ್ ಓದಲು ಹೊರಡುತ್ತಿತ್ತು. ಒಂದೇ ಕೊಡಪಾನಕ್ಕೆ ಇಬ್ಬರು ಕೈ ಹಾಕಿದ ಹಾಗೆ. ಪ್ರೊಸೆಸರಿನ ರೀಸೆಟ್ ಕಾಲನ್ನು ಒಂದು ತಂತಿಯಿಂದ ಗ್ರೌಂಡಿಗೆ ಹಿಡಿದುಕೊಂಡು ಓದಿದೆ. ಈ ಸಲ ಎರಡು ಫೈಲೂ ಒಂದೇ. 83,88,608 ಬೈಟ್. ಎಡಗೈಯಲ್ಲಿ ತಂತಿ ಹಿಡಿದು ಅಲುಗಾಡದೆ ಕೂತದ್ದಕ್ಕೆ ಹೆಬ್ಬೆರಳು ಜೋಮು ಹಿಡಿದಿತ್ತು.

ಆ ಫೈಲನ್ನು ಬಿನ್‌ವಾಕ್‌ಗೆ ಕೊಟ್ಟರೆ ಒಳಗೆ ಏನೇನಿದೆ ಅಂತ ಹೇಳಿ ಬಿಡಿಸಿಡುತ್ತದೆ. ಬೂಟ್‌ಲೋಡರ್, ಕರ್ನಲ್, ಸ್ಕ್ವಾಶ್‌ಎಫ್‌ಎಸ್ ಅನ್ನೋ ಒತ್ತಿ ಮಡಿಚಿದ ಫೈಲ್ ಸಿಸ್ಟಮ್. ಮಡಿಕೆ ಬಿಚ್ಚಿದರೆ ಮಾಮೂಲಿ ಲಿನಕ್ಸ್ ಕಂಪ್ಯೂಟರಿನ ಫೋಲ್ಡರುಗಳೇ. ನೇರ ಪಾಸ್‌ವರ್ಡ್ ಫೈಲಿಗೆ ಹೋದೆ. ಅಲ್ಲಿ ಫೈಲ್ ಇರಲಿಲ್ಲ, ಒಂದು ಕೊಂಡಿ ಇತ್ತು. ಮೆಮೊರಿಯಲ್ಲಿರುವ ಜಾಗಕ್ಕೆ ಕೈ ತೋರಿಸುತ್ತಿತ್ತು. ಅಂದರೆ ಪ್ರತಿ ಸಲ ಆನ್ ಆದಾಗ ಯಾರೋ ಆ ಫೈಲನ್ನು ಹೊಸದಾಗಿ ಬರೆಯುತ್ತಾರೆ. ಆ "ಯಾರೋ" ಸಿಕ್ಕಿದ್ದು ಸ್ಟಾರ್ಟಪ್ ಸ್ಕ್ರಿಪ್ಟ್‌ನಲ್ಲಿ. ಒಂದೇ ಸಾಲು. ಒಂದು ಯೂಸರ್‌ನೇಮ್, ಆಮೇಲೆ $1$ ಅಂತ ಶುರುವಾಗುವ ಉದ್ದದ ಗೊಂಚಲು, ಆಮೇಲೆ ಎರಡು ಸೊನ್ನೆ. ಲಿನಕ್ಸ್‌ನಲ್ಲಿ ಆ ಸೊನ್ನೆ ಇದ್ದವನೇ ರೂಟ್, ಮನೆ ಯಜಮಾನ. ಆ ಯೂಸರ್‌ನೇಮ್ ಸೆಟ್ಟಿಂಗ್ಸ್ ಪುಟದ ಯಾವ ಮೂಲೆಯಲ್ಲೂ ಕಾಣುವುದಿಲ್ಲ. ಅಪ್ಪ ನೂರು ಯುಗಾದಿ ಪಾಸ್‌ವರ್ಡ್ ಬದಲಿಸಿದರೂ ಈ ಸಾಲಿಗೆ ಏನೂ ಆಗುವುದಿಲ್ಲ. ಪ್ಲಗ್ ಹಾಕಿದ ಕೂಡಲೇ ಅದೇ ಹೆಸರು, ಅದೇ ಗೊಂಚಲು.

$1$ ಅಂದರೆ ಪಾಸ್‌ವರ್ಡನ್ನು ಗುರುತು ಸಿಗದಂತೆ ಕಲಸಿಡುವ, ಎಂಡಿ5 ಆಧಾರದ ಹಳೇ ಪದ್ಧತಿ. ಅದನ್ನು ಬರೆದ ಪೌಲ್-ಹೆನಿಂಗ್ ಕಾಂಪ್ ಅವರೇ 2012ರಲ್ಲಿ, ಇನ್ನು ಇದು ಸುರಕ್ಷಿತ ಅಲ್ಲ, ಬಿಟ್ಟುಬಿಡಿ ಅಂದಿದ್ದರು. ಗೊಂಚಲಿನಿಂದ ಪಾಸ್‌ವರ್ಡ್ ತಿರುಗಿಸಿ ತೆಗೆಯಲಾಗುವುದಿಲ್ಲ. ಊಹಿಸಿ, ಅದೇ ಲೆಕ್ಕ ಮಾಡಿ, ತಾಳೆ ನೋಡಬೇಕು. ಈ ಊಹೆಯ ಕೆಲಸ ಮಾಡುವ ಜಾನ್ ದ ರಿಪ್ಪರ್ ಅನ್ನೋ ಸಾಫ್ಟ್‌ವೇರಿಗೆ ರಾಕ್‌ಯು ಪಟ್ಟಿ ಕೊಟ್ಟು ಮಲಗಿದೆ. 2009ರಲ್ಲಿ ಸೋರಿಹೋದ, 1.4 ಕೋಟಿಯಷ್ಟು ನಿಜವಾದ ಪಾಸ್‌ವರ್ಡ್ ಇರುವ ಪಟ್ಟಿ ಅದು. ಬೆಳಿಗ್ಗೆ ಎದ್ದರೆ ಒಂದೂ ಹೊಂದಿರಲಿಲ್ಲ. ಕಂಪನಿಯ ಹೆಸರಿಗೆ ವರ್ಷ ಸೇರಿಸಿ ನೋಡಿದೆ, ಮಾಡೆಲ್ ನಂಬರ್ ತಿರುಗಿಸಿ ನೋಡಿದೆ. ಊಹೂಂ.

ಮೂರನೇ ದಿನ ಆಫೀಸ್ ಬಸ್ಸಿನಲ್ಲಿ ಒಂದು ಯೋಚನೆ ಬಂತು. ಹೊರಗಿನ ಪಟ್ಟಿ ಯಾಕೆ, ಈ ಫರ್ಮ್‌ವೇರಿನ ಒಳಗೇ ಇರುವ ಪದಗಳನ್ನೆಲ್ಲ ಕಿತ್ತು ಅದನ್ನೇ ಪಟ್ಟಿ ಮಾಡಿದರೆ? ಮನೆಗೆ ಬಂದು 'ಸ್ಟ್ರಿಂಗ್ಸ್' ಕಮಾಂಡ್ ಹಾಕಿ ಎಲ್ಲ ಫೈಲಿನಿಂದ ಓದಲು ಬರುವ ಪದಗಳನ್ನು ತೆಗೆದೆ. ಎರಡು ಲಕ್ಷಕ್ಕೂ ಜಾಸ್ತಿ ಸಾಲು, ಬಹುಪಾಲು ಕಸ. ಅದನ್ನು ಜಾನ್‌ಗೆ ಕೊಟ್ಟೆ. ನೀರು ಕುಡಿಯಲು ಏಳುವ ಮೊದಲೇ ಉತ್ತರ ಬಂತು.

ಬೀಗದ ಕೈ ಬಾಗಿಲ ಪಕ್ಕದ ಗೂಡಿನಲ್ಲೇ ಇತ್ತು. ಕಾರ್ಖಾನೆಯಲ್ಲಿ ಪರೀಕ್ಷೆ ಮಾಡುವ ಒಂದು ಸಣ್ಣ ಪ್ರೋಗ್ರಾಮ್ ತನಗೆ ತಾನೇ ಲಾಗಿನ್ ಆಗಲು ಆ ಪಾಸ್‌ವರ್ಡನ್ನು ಹಾಗೇ ಬರೆದಿಟ್ಟುಕೊಂಡಿತ್ತು. ಮಾರಾಟಕ್ಕೆ ಕಳಿಸುವಾಗ ಅದನ್ನು ತೆಗೆಯಲು ಯಾರಿಗೂ ನೆನಪಾಗಿಲ್ಲ. ಆ ಪದವನ್ನು ಇಲ್ಲಿ ಬರೆಯುವುದಿಲ್ಲ. ಯುಎಆರ್‌ಟಿ ತಂತಿ ಜೋಡಿಸಿ ಹಾಕಿದೆ, ಒಳಗೆ ಬಿಟ್ಟಿತು. ರೂಟ್ ಆಗಿ ಒಳಗೆ ಬಂದೆ ಅನ್ನುವ ಹ್ಯಾಶ್ ಚಿಹ್ನೆ, ಅದರ ಪಕ್ಕ ಮಿನುಗುವ ಕರ್ಸರ್.

ಖುಷಿ ಆಗಬೇಕಿತ್ತು, ಆದರೆ ಆದದ್ದು ಒಂದು ಥರ ಸಿಟ್ಟು. ಆ ಪದವನ್ನು ಗೂಗಲ್‌ನಲ್ಲಿ ಹುಡುಕಿದರೆ ಬೇರೆ ದೇಶದ, ಬೇರೆ ಬ್ರಾಂಡಿನ ರೂಟರಿನ ಪಾಸ್‌ವರ್ಡ್ ಅಂತ ಯಾವಾಗಲೋ ಯಾರೋ ಹಾಕಿದ್ದರು. ಬೋರ್ಡಿನ ಫೋಟೋ ಕೂಡ ಇತ್ತು, ನಾಲ್ಕು ತೂತು ಅದೇ ಜಾಗದಲ್ಲಿ. ಹೊರಗಿನ ಪ್ಲಾಸ್ಟಿಕ್ ಬೇರೆ, ಒಳಗಿನ ಹಲಗೆ ಒಂದೇ. ನಾನು ಮೂರು ದಿನ ಒದ್ದಾಡಿ ತೆಗೆದದ್ದು ಊರಿಗೆಲ್ಲ ಗೊತ್ತಿದ್ದ ಗುಟ್ಟು.

ಇದು ಹೊಸ ಕತೆಯೂ ಅಲ್ಲ. 2015ರ ಆಗಸ್ಟ್‌ನಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸರ್ಟ್ ಕೇಂದ್ರ ಒಂದು ಎಚ್ಚರಿಕೆ ಹೊರಡಿಸಿತ್ತು. ಆಸುಸ್, ಝಡ್‌ಟಿಇ, ಫಿಲಿಪ್ಪೀನ್ಸ್‌ನ ಪಿಎಲ್‌ಡಿಟಿ ಸೇರಿ ಐದು ಬೇರೆ ಬೇರೆ ಹೆಸರಿನ ಡಿಎಸ್‌ಎಲ್ ರೂಟರುಗಳಲ್ಲಿ ಒಂದೇ ನಮೂನೆಯ ಪಾಸ್‌ವರ್ಡ್. ಪ್ರತಿ ಡಬ್ಬಿಗೂ ಬೇರೆ ಇರುವ ಮ್ಯಾಕ್ ವಿಳಾಸದ ಕೊನೇ ನಾಲ್ಕು ಅಕ್ಷರ, ಅದಕ್ಕೆ 'ಏರೋಕಾನ್' ಅಂತ ಬಾಲ. ಮ್ಯಾಕ್ ವಿಳಾಸ ಗೊತ್ತಾದರೆ ಪಾಸ್‌ವರ್ಡ್ ಗೊತ್ತಾದಂತೆ. ಅದಕ್ಕೂ ಎರಡು ವರ್ಷ ಮೊದಲು, 2013ರ ಅಕ್ಟೋಬರ್‌ನಲ್ಲಿ, ಕ್ರೇಗ್ ಹೆಫ್ನರ್ ಅನ್ನುವವರು ಡಿ-ಲಿಂಕ್ ರೂಟರುಗಳಲ್ಲಿ ಇನ್ನೂ ವಿಚಿತ್ರವಾದದ್ದನ್ನು ಹಿಡಿದಿದ್ದರು. ಬ್ರೌಸರ್ ತನ್ನ ಹೆಸರು ಹೇಳುವ ಜಾಗದಲ್ಲಿ ಒಂದು ಗೊತ್ತಾದ ಸಾಲು ಹೇಳಿದರೆ ರೂಟರ್ ಪಾಸ್‌ವರ್ಡ್ ಕೇಳುತ್ತಲೇ ಇರಲಿಲ್ಲ. ಆ ಸಾಲನ್ನು ಹಿಂದುಮುಂದಾಗಿ ಓದಿದರೆ 'ಎಡಿಟ್ ಬೈ 04882 ಜೋಯಲ್ ಬ್ಯಾಕ್‌ಡೋರ್' ಅಂತ ಬರುತ್ತದೆ. ನಾನು ಬಳಸಿದ ಬಿನ್‌ವಾಕ್ ಬರೆದವರೂ ಇದೇ ಹೆಫ್ನರ್. ಹೀಗೆ ಪಾಸ್‌ವರ್ಡನ್ನು ಒಳಗೇ ಬರೆದಿಡುವ ದೋಷಕ್ಕೆ, ದೋಷಗಳ ಪಟ್ಟಿಯಲ್ಲಿ ಸಿಡಬ್ಲ್ಯುಇ-798 ಅಂತ ನಂಬರ್ ಕೂಡ ಕೊಟ್ಟಿದ್ದಾರೆ. ಅಷ್ಟು ಮಾಮೂಲಿ.

ಸರಿ, ಗುಪ್ತ ಪಾಸ್‌ವರ್ಡ್ ಇದೆ. ಆದರೆ ಹೊರಗಿನವನಿಗೆ ಟೆಲ್ನೆಟ್ ಬಾಗಿಲು ಸಿಕ್ಕಿದ್ದು ಹೇಗೆ? ರೂಟರಿನ ಇಂಟರ್ನೆಟ್ ಪೋರ್ಟಿಗೆ ನನ್ನ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದೆ. ಆ ಕಡೆಯಿಂದ 23 ಮುಚ್ಚಿತ್ತು. ಫ್ಯಾಕ್ಟರಿ ಸೆಟ್ಟಿಂಗ್‌ನಲ್ಲಿ ಬಾಗಿಲು ಮನೆಯೊಳಗಿನವರಿಗೆ ಮಾತ್ರ. ಹಾಗಾದರೆ ಅಪ್ಪನ ಸೆಟ್ಟಿಂಗ್‌ನಲ್ಲೇ ಏನೋ ಇರಬೇಕು. ಅಪ್ಪನಿಗೆ ಫೋನ್ ಮಾಡಿ, ಸೆಟ್ಟಿಂಗ್ಸ್ ಪುಟದಲ್ಲಿ ಬ್ಯಾಕಪ್ ಒತ್ತಿ ಬಂದ ಫೈಲನ್ನು ವಾಟ್ಸಾಪ್ ಮಾಡಿ ಅಂದೆ. ಅವರು ಮೊದಲು ಪರದೆಯ ಫೋಟೋ ಕಳಿಸಿದರು. ಆಮೇಲೆ ಡೈರಿಯ ಫೋಟೋ. ಮೂರನೇ ಸಲ ಫೈಲ್ ಬಂತು.

ಅದನ್ನು ನನ್ನ 350 ರೂಪಾಯಿಯ ರೂಟರಿಗೆ ಹಾಕಿದೆ. ಈಗ ಅದು ಪಿಪಿಪಿಒಇ ಸರ್ವರ್, ಅಂದರೆ ಲಾಗಿನ್ ಕೇಳಿ ಇಂಟರ್ನೆಟ್ ಕೊಡುವ ಕೇಬಲಣ್ಣನ ಕಡೆಯ ಕಂಪ್ಯೂಟರ್, ಹುಡುಕತೊಡಗಿತು. ಲ್ಯಾಪ್‌ಟಾಪ್‌ನಲ್ಲಿ ಒಂದು ಪಿಪಿಪಿಒಇ ಸರ್ವರ್ ಓಡಿಸಿ ನಾನೇ ಕೇಬಲಣ್ಣನ ವೇಷ ಹಾಕಿದೆ. ಯಾರು ಬಂದರೂ ಒಳಗೆ ಬಿಡುವ ಕೇಬಲಣ್ಣ. ಕನೆಕ್ಷನ್ ಆದ ಮೇಲೆ ಹೊರಗಿನಿಂದ ಸ್ಕ್ಯಾನ್ ಮಾಡಿದರೆ 8080 ತೆರೆದಿದೆ, 23 ಕೂಡ ತೆರೆದಿದೆ. ಹುಡುಕಿದರೆ ಕಂಡದ್ದು ಒಂದು ಟಿಕ್ ಮಾರ್ಕ್: ರಿಮೋಟ್ ಮ್ಯಾನೇಜ್‌ಮೆಂಟ್, ಅಂದರೆ ಹೊರಗಿನಿಂದಲೇ ಸೆಟ್ಟಿಂಗ್ಸ್ ಪುಟ ತೆರೆಯುವ ಸೌಲಭ್ಯ. ಪುಟದಲ್ಲಿ ಅದರ ಪಕ್ಕ ಬರೆದಿದ್ದದ್ದು 8080 ಮಾತ್ರ. ಆದರೆ ಫರ್ಮ್‌ವೇರಿನ ಫೈರ್‌ವಾಲ್ ಸ್ಕ್ರಿಪ್ಟ್‌ನಲ್ಲಿ ಆ ಟಿಕ್ ಇದ್ದರೆ ಎರಡು ಸಾಲು ಓಡುತ್ತಿದ್ದವು. ಒಂದು 8080ಕ್ಕೆ, ಇನ್ನೊಂದು 23ಕ್ಕೆ. ಎರಡನೆಯದನ್ನು ಪುಟದಲ್ಲಿ ಎಲ್ಲೂ ಹೇಳಿರಲಿಲ್ಲ.

ಕೇಬಲಣ್ಣನಿಗೆ ಫೋನ್ ಮಾಡಿದೆ. ಟಿಕ್ ಹಾಕಿದ್ದು ಅವನೇ.

"ಹೌದಕ್ಕಾ, ಎಲ್ಲರ ಮನೇದೂ ಹಾಕಿದೀನಿ. ಇಲ್ಲಾಂದ್ರೆ ವೈಫೈ ಹೆಸರು ಕಾಣ್ತಿಲ್ಲ ಅಂತ ಫೋನ್ ಬಂದ್ರೂ ಮಳೇಲಿ ನಾನೇ ಗುಡ್ಡ ಹತ್ತಬೇಕು. ಅದಕ್ಕೆ ಪಾಸ್‌ವರ್ಡ್ ಇದೆಯಲ್ಲ?"

ಅವನನ್ನು ಬೈಯುವುದು ಹೇಗೆ? ಪುಟದಲ್ಲಿ ಬರೆದಿದ್ದನ್ನು ನಂಬಿ ಟಿಕ್ ಹಾಕಿದ್ದಾನೆ. ಆದರೆ ನಮ್ಮ ರೂಟರಿನ ವಿಳಾಸ 100.70 ಅಂತ ಶುರುವಾಗುತ್ತದಲ್ಲ, ಅದು ಹೊರಗಿನ ಇಂಟರ್ನೆಟ್ಟಿಗೆ ಕಾಣುವುದೇ ಇಲ್ಲವಲ್ಲ ಅಂತ ಅವನು ಕೇಳಿದ. ಒಳ್ಳೇ ಪ್ರಶ್ನೆ. 100.64ರಿಂದ 100.127ರವರೆಗಿನ ವಿಳಾಸಗಳು ಆಪರೇಟರ್ ಒಳಗಿನ ಹಂಚಿಕೆಗೆ ಮೀಸಲು. ಹೊರ ದೇಶದಿಂದ ನೇರವಾಗಿ ಬಾಗಿಲು ತಟ್ಟಲಾಗುವುದಿಲ್ಲ. ಆದರೆ ಅದೇ ನೆಟ್‌ವರ್ಕಿನ ಪಕ್ಕದ ಮನೆಯಿಂದ ತಟ್ಟಬಹುದು. ಪಕ್ಕದ ಮನೆಯಲ್ಲಿ ಸೋಂಕಾದ ಒಂದು ಅಗ್ಗದ ಕ್ಯಾಮೆರಾ ಇದ್ದರೆ ಸಾಕು.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಹತ್ರ ಈ ಮಾಡೆಲ್ 63 ಉಂಟಕ್ಕಾ" ಅಂದ.

ಕಂಪನಿಗೆ ತಿಳಿಸಿದ ಕತೆ ಚಿಕ್ಕದು. ವೆಬ್‌ಸೈಟಿನಲ್ಲಿ ಇಂಥ ದೂರಿಗೆ ಅಂತ ಜಾಗ ಇರಲಿಲ್ಲ, ಕಸ್ಟಮರ್ ಕೇರಿಗೆ ಬರೆದೆ. ಫರ್ಮ್‌ವೇರ್ ವರ್ಷನ್, ಸ್ಕ್ರಿಪ್ಟಿನ ಸಾಲು, ಎಲ್ಲ ವಿವರ. "ರೂಟರ್ ಆಫ್ ಮಾಡಿ 30 ಸೆಕೆಂಡ್ ಬಿಟ್ಟು ಆನ್ ಮಾಡಿ" ಅಂತ ಉತ್ತರ ಬಂತು. ತಮಾಷೆ ಏನೆಂದರೆ, ಆ ಮಾಲ್‌ವೇರಿನ ಮಟ್ಟಿಗೆ ಅದು ತಪ್ಪು ಸಲಹೆ ಅಲ್ಲ! ಎರಡು ದಿನಕ್ಕೆ ಟಿಕೆಟ್ ಕ್ಲೋಸ್ ಆಯಿತು.

ಆಮೇಲೆ ಸರ್ಟ್-ಇನ್‌ಗೆ ಬರೆದೆ. ಕೇಂದ್ರ ಸರ್ಕಾರದ ಐಟಿ ಸಚಿವಾಲಯದ ಕೆಳಗೆ ಇಂಥ ದೋಷಗಳನ್ನು ನೋಡಿಕೊಳ್ಳುವ ಸಂಸ್ಥೆ ಅದು. 2021ರಿಂದ ದೋಷಗಳಿಗೆ ಸಿವಿಇ ಅನ್ನೋ ಗುರುತಿನ ನಂಬರ್ ಕೊಡುವ ಅಧಿಕಾರವೂ ಅದಕ್ಕಿದೆ. ಮಾಡೆಲ್, ವರ್ಷನ್, ಹಂತ ಹಂತವಾಗಿ ಹೇಗೆ ಮಾಡಿದೆ, ಸ್ಕ್ರೀನ್‌ಶಾಟ್, ಎಲ್ಲ ಕೊಟ್ಟೆ. ಸಿಕ್ಕಿತು ಅಂತ ಉತ್ತರ ಬಂತು, ಕಂಪನಿಗೆ ರವಾನಿಸಿದ್ದಾರೆ ಅಂತಲೂ ಗೊತ್ತಾಯಿತು. ಕಂಪನಿ ಕೊನೆಗೆ ಹೇಳಿದ್ದು ಇಷ್ಟು: ಆ ಮಾಡೆಲ್ ನಿಲ್ಲಿಸಿದ್ದೇವೆ, ಅದಕ್ಕೆ ಇನ್ನು ಅಪ್‌ಡೇಟ್ ಇಲ್ಲ, ಹೊಸದು ಕೊಳ್ಳಿ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ, ಎಲ್ಲ ಡಬ್ಬಿಗೂ ಒಂದೇ ಡೀಫಾಲ್ಟ್ ಪಾಸ್‌ವರ್ಡ್ ಇಟ್ಟು ಮಾರುವುದೇ ಕಾನೂನುಬಾಹಿರ. ನಮ್ಮಲ್ಲೂ ವೈಫೈ ರೂಟರುಗಳ ಸುರಕ್ಷತೆಗೆ ಅಂತ ನಿಯಮಾವಳಿ ಬರೆದಿದ್ದಾರೆ. ಬರೆದದ್ದು ದೂರಸಂಪರ್ಕ ಇಲಾಖೆಯ ಎನ್‌ಸಿಸಿಎಸ್, ಅದರ ಕಚೇರಿ ಇರುವುದು ಬೆಂಗಳೂರಿನಲ್ಲೇ. ಆದರೆ ಗೋಡೆಗೆ ಮೊಳೆ ಹೊಡೆದು ನೇತುಹಾಕಿ ಆಗಿರುವ ಡಬ್ಬಿಗಳಿಗೆ ಹೊಸ ನಿಯಮ ಏನು ಮಾಡೀತು?

ಅಪ್ಪನ ಮನೆಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಮುಕ್ತ ಸಾಫ್ಟ್‌ವೇರ್ ಹಾಕಲು ಬರುವ ಬೇರೆ ರೂಟರ್ ಕೊಂಡು, ಹಾಕಿ, ದೀಪಾವಳಿಗೆ ಹೋದಾಗ ಜೋಡಿಸಿದೆ. ಅಲ್ಲಿ ಯಾವ ಯಾವ ಯೂಸರ್ ಇದ್ದಾರೆ ಅಂತ ನಾನೇ ಕಣ್ಣಾರೆ ನೋಡಬಹುದು. ಅಪ್ಪ ನಾನು ಹೇಳಿದ್ದನ್ನೆಲ್ಲ ಕೇಳಿ, ಹಳೇ ರೂಟರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಅಂದ್ರೆ ಇಷ್ಟು ವರ್ಷ ನಾನು ಬದಲಿಸಿದ್ದು ಸುಮ್ನೆ?"

"ಸುಮ್ನೆ ಅಲ್ಲ ಅಪ್ಪಾ. ಆ ಬಾಗಿಲಿಂದ ಯಾರೂ ಬರಲಿಲ್ಲ."

ಡೈರಿ ತೆಗೆದು ಹೊಸ ಪಾಸ್‌ವರ್ಡ್ ಬರೆದರು. ಆಮೇಲೆ ಕೇಳಿದರು, "ಆ ಇನ್ನೊಬ್ಬನ ಹೆಸರು ಏನಂದೆ?" ಹೇಳಿದೆ. ಅದನ್ನೂ ಬರೆದು, ಸ್ಕೇಲ್ ಇಟ್ಟು ಗೀಟು ಹಾಕಿದರು.

ಉಳಿದ 62 ಮನೆಗೆಲ್ಲ ಹೊಸ ರೂಟರ್ ಕೊಡಿಸುವ ಶಕ್ತಿ ಕೇಬಲಣ್ಣನಿಗೆ ಇಲ್ಲ. ರಿಮೋಟ್ ಟಿಕ್ ತೆಗೆಯಬಹುದು, ಆಗ ಹೊರಗಿನ ಬಾಗಿಲಾದರೂ ಮುಚ್ಚುತ್ತದೆ. ಇಬ್ಬರೂ ಅವನ ಆಫೀಸಿನಲ್ಲಿ ಕೂತೆವು, ಅಂದರೆ ಅವನ ಮನೆ ಚಾವಡಿಯಲ್ಲಿ. ಒಂದೊಂದೇ ತೆರೆದು ಟಿಕ್ ತೆಗೆದು ರೀಬೂಟ್ ಕೊಟ್ಟೆವು. ಕೆಲವು ತೆರೆದುಕೊಳ್ಳಲೇ ಇಲ್ಲ, ಪುಟ ಅರ್ಧ ಬಂದು ನಿಲ್ಲುತ್ತಿತ್ತು. ಅಂಥ ಮನೆಗೆ ಫೋನ್ ಮಾಡಿ ಪ್ಲಗ್ ಕೀಳಿಸಿ, ಮತ್ತೆ ಹಾಕಿಸಿ, ಪುಟ ಬಂದ ತಕ್ಷಣ ಟಿಕ್ ತೆಗೆಯುವುದು. "ಈಗ ಗುಡುಗು ಎಲ್ಲುಂಟು ಮಾರಾಯಾ?" ಅಂತ ಒಬ್ಬರು ಅಜ್ಜಿ ಜಗಳಕ್ಕೇ ನಿಂತರು.

ಸಂಜೆಗೆ ನಾಲ್ಕು ಉಳಿದವು. ನಾಲ್ಕೂ ಬೀಗ ಹಾಕಿದ ಮನೆಗಳು. ತೋಟ ಚೇಣಿಗೆ ಕೊಟ್ಟು ಬೆಂಗಳೂರು ಸೇರಿದವರವು. ಮನೆಯಲ್ಲಿ ಜನ ಇಲ್ಲ, ಆದರೆ ಸಿಸಿ ಕ್ಯಾಮೆರಾಕ್ಕೆ ಅಂತ ರೂಟರ್ ಸದಾ ಆನ್. ಮೀಟರ್ ಬೋರ್ಡ್ ಹೊರಗೇ ಇದೆಯಲ್ಲ, ಫ್ಯೂಸ್ ಕಿತ್ತರೆ ಆಗದಾ ಅಂದೆ. ಒಳಗೆ ಯುಪಿಎಸ್ ಇದೆಯಂತೆ. ಕೊನೆಗೆ ಅವನೇ ತನ್ನ ಕಡೆಯಿಂದ ನಾಲ್ಕೂ ಲೈನ್ ಕಟ್ ಮಾಡಿದ. ಅರ್ಧ ಗಂಟೆಯೊಳಗೆ ಒಬ್ಬರ ಫೋನ್ ಬಂತು, ಮನೆ ಕ್ಯಾಮೆರಾ ಕಾಣ್ತಿಲ್ಲ ಅಂತ. ರಾತ್ರಿಯೊಳಗೆ ಇನ್ನಿಬ್ಬರದು.

ನಾಲ್ಕನೆಯವರು ಫೋನ್ ಮಾಡಲೇ ಇಲ್ಲ. ವಾರ ಕಳೆದ ಮೇಲೆ ಕೇಬಲಣ್ಣನೇ ಮಾಡಿ ಕೇಳಿದನಂತೆ. ಅವರ ಕ್ಯಾಮೆರಾ ಕೆಟ್ಟು ಒಂದೂವರೆ ವರ್ಷ ಆಗಿತ್ತು.